ಟ್ರಾಕ್ಟರಿಗೆ ಕೊರಳೆಲ್ಲಿ?

ವಾದದಲ್ಲಿ ಗೆಲ್ಲುವುದೂ ಒಂದು ಚಟವೇ. ಬೀಡಿ, ಇಸ್ಪೀಟು, ಗುಟುಕು ಹೆಂಡ ಇವುಗಳ ಕೇಡನ್ನು ಕುರಿತು ಹಿರಿಯರು ಹುಡುಗರಿಗೆ ಬೇಸರವಿಲ್ಲದೆ ಬುದ್ಧಿ ಹೇಳುತ್ತಾರೆ. ವಾದದ ಚಟ ಹತ್ತಿದವನನ್ನು ಮಾತ್ರ ವೇದಿಕೆಗೆ ಕರೆದು, ಚಪ್ಪಾಳೆ ತಟ್ಟಿ, ಬೆಳ್ಳಿಯಂತೆ ಹೊಳೆಯುವ ಬಟ್ಟಲು ಕೊಟ್ಟು ಕಳಿಸುತ್ತಾರೆ. ನನಗೆ ಅಂಥ ಬಟ್ಟಲುಗಳು ಬೇಕಾದಷ್ಟು ಬಂದಿವೆ. ಬಳ್ಳಾರಿಯಲ್ಲಿ ಕಾಲೇಜು ಓದುವಾಗ, ಯಂತ್ರಗಳಿಂದ ಮನುಷ್ಯನಿಗೆ ಒಳಿತೆಂದು ಬೆಳಿಗ್ಗೆ ವಾದಿಸಿ ಗೆದ್ದೆ. ಕೆಡುಕೆಂದು ವಾದಿಸಬೇಕಾಗಿದ್ದ ಗೆಳೆಯನಿಗೆ ಜ್ವರ ಬಂದಿದ್ದರಿಂದ ಸಂಜೆ ಇನ್ನೊಂದು ಕಾಲೇಜಿನಲ್ಲಿ ಅವನ ಬದಲಿಗೆ ನಿಂತು ಅದನ್ನೂ ಗೆದ್ದೆ. ಯಂತ್ರಗಳ ವಿಷಯದಲ್ಲಿ ನಿನ್ನ ನಿಜವಾದ ಅಭಿಪ್ರಾಯವೇನು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಯಾವ ಪಕ್ಷಕ್ಕೆ ಎಷ್ಟು ಹೊತ್ತು ಮಾತಾಡಬೇಕು ಎಂದು ತಿರುಗಿ ಕೇಳುತ್ತಿದ್ದೆನೇನೋ. ಆ ಬಟ್ಟಲುಗಳನ್ನು ಅವ್ವ ಅಡುಗೆಮನೆಗೆ ಸೇರಿಸಿಕೊಂಡಿದ್ದಾಳೆ. ಒಳಿತಿನಲ್ಲಿ ಸಾಸಿವೆ ಇದೆ, ಕೆಡುಕಿನಲ್ಲಿ ಜೀರಿಗೆ.

ಚಟದಿಂದ ಆಗಬೇಕಾದ ನಷ್ಟಗಳೆಲ್ಲ ನನಗೂ ಆಗಿವೆ. ನಿಲುಗಡೆ ಎಂಬುದರ ಲಕ್ಷಣವೇನು ಎಂದು ಚರ್ಚೆ ತೆಗೆದಿದ್ದಕ್ಕೆ ಬಸ್ಸಿನ ಕಂಡಕ್ಟರನೊಬ್ಬ ನನ್ನನ್ನು ತೆಕ್ಕಲಕೋಟೆಯ ಆಚೆ, ಹತ್ತಿ ಹೊಲದ ಪಕ್ಕದಲ್ಲಿ ಇಳಿಸಿ, "ಇದಕ್ಕ ಏನಂತಾರ ಹೇಳ್ಕೊಂತ ಬರ್ರಿ" ಎಂದು ಹೊರಟುಹೋದ. ಕುರುಗೋಡಿನಲ್ಲಿ ಹೆಣ್ಣು ನೋಡಲು ಹೋದಾಗ, ರಾಹುಕಾಲ ಕಳೆಯಲಿ ಎಂದು ಹುಡುಗಿಯ ತಂದೆ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದರು. ರಾಹು ಎಂಬುದು ಇಲ್ಲವೆಂದು ನಾನು ಹೊಸ್ತಿಲ ಹೊರಗೆ ನಿಂತೇ ಸಿದ್ಧಮಾಡಿ ತೋರಿಸಿದೆ. ಅವರು ಒಪ್ಪಿದರು. ರಾಹುವನ್ನು ಬಿಟ್ಟರು, ನನ್ನನ್ನೂ ಬಿಟ್ಟರು. ಇವುಗಳಿಗೆಲ್ಲ ನಾನು ನಾಚಿಕೊಂಡವನಲ್ಲ. ಸತ್ಯದ ದಾರಿಯಲ್ಲಿ ಸುಂಕ ಕೊಡಬೇಕಾಗುತ್ತದೆ ಎಂದುಕೊಂಡು ರೊಟ್ಟಿ ತಿಂದು ಮಲಗುತ್ತಿದ್ದೆ. ನಾಚಿಕೆ ಎಂದರೆ ಏನೆಂದು ತಿಳಿದದ್ದು ಈ ಮುಂಗಾರಿನಲ್ಲಿ, ನಮ್ಮೂರ ಕಾಲುವೆ ಏರಿಯ ಮೇಲೆ, ನಮ್ಮದೇ ಹೊಸ ಟ್ರಾಕ್ಟರಿನ ಮುಂದೆ.

ನಮ್ಮೂರು ಸಿರುಗುಪ್ಪದ ಸೀಮೆಯಲ್ಲಿ, ಕಾಲುವೆ ನೀರುಂಡು ಬತ್ತ ಬೆಳೆಯುವ ಕಡೆ ಇದೆ. ಹೆಸರು ಬರೆಸಿ ವರ್ಷಗಟ್ಟಲೆ ಕಾದಮೇಲೆ ನಮಗೆ ಟ್ರಾಕ್ಟರು ಬಂತು. ಎತ್ತುಗಳನ್ನು ಅಪ್ಪ ಕುರುಗೋಡಿಗೆ, ನನ್ನ ಸೋದರಮಾವನ ಮನೆಗೆ ಹೊಡೆದುಕೊಂಡು ಹೋಗಿ ಬಿಟ್ಟುಬಂದ. ಕೆಂಪು ಬಣ್ಣದ ಟ್ರಾಕ್ಟರು ಅಂಗಳಕ್ಕೆ ಬಂದು ನಿಂತ ದಿನ ಅವ್ವ ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮ ಹಿಡಿದು ಹೊರಗೆ ಬಂದಳು. ನಾನು ಅಡ್ಡ ನಿಂತೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರೆ ಬರುವುದು ರಸವೇ ಹೊರತು ರಕ್ಷಣೆಯಲ್ಲ ಎಂದೆ. ಊರವರು ಕೂಡಿದ್ದರು; ಕೂಡಿದ ಜನರನ್ನು ಕಂಡರೆ ನನಗೆ ಗಂಟಲು ತಾನಾಗಿ ತೆರೆದುಕೊಳ್ಳುತ್ತದೆ. ಯಂತ್ರವೆಂಬುದು ಜಡ, ಜಡಕ್ಕೆ ದೃಷ್ಟಿ ತಾಗದು, ತಾಗುವುದಾದರೆ ಅದಕ್ಕೆ ಕಂಪನಿಯ ಗ್ಯಾರಂಟಿ ಇದೆ ಎಂದು ಮೂರು ಮೆಟ್ಟಿಲಲ್ಲಿ ಮುಗಿಸಿದೆ. ಅಪ್ಪ ಮಾತಿನ ಮನುಷ್ಯನಲ್ಲ. "ಏನರ ಮಾಡ್ಕೋರಿ" ಎಂದು ತಲೆಯ ಪಟಕಾ ಬಿಚ್ಚಿ ಬೆವರು ಒರೆಸಿಕೊಂಡ. ಅವ್ವ ಕಾಯಿ, ನಿಂಬೆಹಣ್ಣು ಒಳಗೆ ಇಟ್ಟುಬಂದಳು. ಆದರೆ ಇನ್ನೊಂದು ವಸ್ತು ಹಿಡಿದು ತಿರುಗಿ ಬಂದಳು.

ಅದು ಗಂಟೆ. ಅವ್ವನ ತವರು ಕುರುಗೋಡು. ಮದುವೆಯಾಗಿ ಬರುವಾಗ ಅವಳ ಅಪ್ಪ ಒಂದು ಜೋಡಿ ಹೋರಿ ಕೊಟ್ಟಿದ್ದನಂತೆ, ಒಂದರ ಕೊರಳಲ್ಲಿ ಈ ಕಂಚಿನ ಗಂಟೆ ಇತ್ತಂತೆ. ಹೋರಿಗಳು ಎತ್ತುಗಳಾಗಿ, ಮುದಿಯಾಗಿ ಹೋದವು, ಗಂಟೆ ಉಳಿಯಿತು. ನಮ್ಮ ಕಡೆ, ಮಗಳಿಗೆ ಬಿಟ್ಟರೆ, ಬೇರೆ ಯಾರಿಗೆ ಎತ್ತು ಕೊಟ್ಟರೂ ಕೊರಳ ಗಂಟೆ ಕೊಡುವುದಿಲ್ಲ. ಬಿಚ್ಚಿಟ್ಟುಕೊಂಡು ಮುಂದೆ ಬರುವ ಎತ್ತಿಗೆ ಕಟ್ಟುತ್ತಾರೆ. ಹಾಗೆ ಎತ್ತಿನಿಂದ ಎತ್ತಿಗೆ ದಾಟಿ ಕೊನೆಗೆ ಹಂಡ್ಯಾ ಎಂಬ ಮಚ್ಚೆಯ ಎತ್ತಿನ ಕೊರಳಿಗೆ ಬಂದಿತ್ತು. ಅಂಚು ಒಂದು ಕಡೆ ಸೀಳಿತ್ತಾದ್ದರಿಂದ ಅದು ಬೇರೆ ಗಂಟೆಗಳ ಹಾಗೆ ಟಣ್ ಎನ್ನುತ್ತಿರಲಿಲ್ಲ. ತನ್ನದೇ ಒಂದು ಒಡಕು ದನಿಯಲ್ಲಿ ಮಾತಾಡುತ್ತಿತ್ತು. ಅವ್ವ ಅದನ್ನು ಸೆರಗಿನಿಂದ ಒರೆಸುತ್ತ, "ಇದೊಂದು ಕಟ್ಟಿಬಿಡಪ. ಬ್ಯಾರೆ ಏನೂ ಬ್ಯಾಡ" ಎಂದಳು.

"ಎಲ್ಲಿ ಕಟ್ಟಲಿ?"

"ಎಲ್ಲಿ ಕಟ್ತಾರ? ಕೊರಳಿಗೆ."

"ಅವ್ವಾ, ಟ್ರಾಕ್ಟರಿಗೆ ಕೊರಳೆಲ್ಲಿ ಐತಿ? ತೋರಸು, ಕಟ್ತೀನಿ."

ಅಂಗಳವೆಲ್ಲ ನಕ್ಕಿತು. ಅವ್ವನೂ ನಕ್ಕಳು. ನಗುತ್ತಲೇ ಒಳಗೆ ಹೋದಳು. ಎದುರು ಪಕ್ಷದವರನ್ನು ನಗಿಸಿ ಕೂರಿಸುವುದೇ ಅತ್ಯುತ್ತಮ ಗೆಲುವು ಎಂದು ನಮ್ಮ ಕಾಲೇಜಿನ ಮೇಷ್ಟರು ಹೇಳುತ್ತಿದ್ದರು. ಆ ದಿನದ ಗೆಲುವನ್ನು ನಾನು ಉತ್ತಮವಾದವುಗಳ ಸಾಲಿಗೆ ಸೇರಿಸಿಕೊಂಡೆ.

ಸದ್ದು ಶುರುವಾದದ್ದು ಒಂದೆರಡು ವಾರದ ಮೇಲೆ. ಟ್ರಾಕ್ಟರು ಹೊಡೆಯುವವನು ನಾನೇ. ಪದವಿ ಪಡೆದು ಕೆಲಸ ಸಿಗುವವರೆಗೆ ಏನಾದರೂ ಹೊಡೆಯಬೇಕಲ್ಲ. ಹೊಲದಿಂದ ಬರುವಾಗ ಊರಿಗೆ ಮುಂಚೆ ಕಾಲುವೆಯ ಏರಿ ಹತ್ತಿ ಇಳಿಯಬೇಕು. ಹತ್ತುವಾಗ, ಎಂಜಿನ್ನಿನ ಡುಬುಡುಬು ನಡುವೆ, ಮುಂದೆ ಎಲ್ಲೋ ಒಂದು ಟೊಣಕ್. ಇಳಿಯುವಾಗ ಇನ್ನೊಂದು ಟೊಣಕ್, ಬೆನ್ನಿಗೇ ಕಿರ್ರೆಂಬ ನಡುಕ. ಸಮನಾದ ನೆಲಕ್ಕೆ ಬಂದರೆ ಸುಮ್ಮನಾಗುತ್ತಿತ್ತು. ನಾನು ಎಂಜಿನ್ ನಿಲ್ಲಿಸಿ ಕಿವಿಗೊಟ್ಟೆ, ಬಾನೆಟ್ಟು ಎತ್ತಿ ನೋಡಿದೆ, ಗಾಲಿ ಒದ್ದೆ. ಹೊಸ ವಾಹನ ಕೆಟ್ಟಾಗ ಗಾಲಿ ಒದೆಯುವುದರಲ್ಲಿ ಯಾವ ತರ್ಕವೂ ಇಲ್ಲವೆಂಬುದು ನನಗೆ ಗೊತ್ತಿತ್ತು. ಆದರೂ ಒದೆದರೆ ಸ್ವಲ್ಪ ಸಮಾಧಾನ. ಇನ್ನೊಂದು ಸಮಾಧಾನವೆಂದರೆ ಮನೆಯ ಊಟ. ಆ ಚಿಂತೆಯ ದಿನಗಳಲ್ಲಿ ನಾನು ಯಾವ ಹೊತ್ತಿಗೆ ಬಂದು ಕೈಕಾಲು ತೊಳೆದು ಕೂತರೂ ಅವ್ವ ಹಂಚಿನಿಂದ ಆಗತಾನೆ ಎತ್ತಿದ, ಹೊಟ್ಟೆಯುಬ್ಬಿ ಹಬೆಯಾಡುವ ಜೋಳದ ರೊಟ್ಟಿಯನ್ನೇ ತಾಟಿಗೆ ಹಾಕುತ್ತಿದ್ದಳು. ಏನನ್ನೂ ಪ್ರಶ್ನಿಸದೆ ಒಪ್ಪಬಾರದು ಎಂಬುದು ನನ್ನ ನಿಲುವು. ಆ ರೊಟ್ಟಿಯನ್ನು ಮಾತ್ರ ನಾನು ಪ್ರಶ್ನಿಸಲಿಲ್ಲ.

ಸದ್ದಿನ ಸುದ್ದಿ ಊರಿಗೆ ಮುಟ್ಟಿತು. ವಿರುಪಣ್ಣ ಕಾಕಾ ಎಂದು ನಮಗೆ ದೂರದ ಸಂಬಂಧಿಯೊಬ್ಬನಿದ್ದಾನೆ. ನಮ್ಮ ಮನೆಗೆ ಟ್ರಾಕ್ಟರು ಬಂದದ್ದು ಅವನ ಹೊಟ್ಟೆಗೆ ಅಷ್ಟಾಗಿ ಒಗ್ಗಿರಲಿಲ್ಲ. ಒಂದು ದಿನ ಹೋಟೆಲ್ಲಿನ ಮುಂದೆ ಒಗ್ಗಾಣಿ ತಿನ್ನುತ್ತ ಕೂತವನು, ಮಿರ್ಚಿಯನ್ನು ನನ್ನ ಕಡೆ ಚಾಚಿ ಕೇಳಿದ:

"ಏನಲೇ ಚನ್ನಾ, ನಿಮ್ಮ ಟ್ರಾಕ್ಟರ್ ಥೇಟ್ ಹಂಡ್ಯಾನಂಗ ಬರಾಕ ಹತ್ತೈತಲ್ಲೋ! ಅದ ಗಂಟಿ, ಅದ ಸಪ್ಪಳ. ಎತ್ತು ಹೊಡದು ಕಳಿಸಿದ್ರೂ ಎತ್ತು ನಿಮ್ಮನ್ನ ಬಿಡವಲ್ದು. ಟ್ರಾಕ್ಟರಿನ್ಯಾಗ ಹೊಕ್ಕೊಂಡೈತಿ."

"ಕಾಕಾ, ಹಂಡ್ಯಾ ಸತ್ತಿಲ್ಲ. ಕುರುಗೋಡಿನ್ಯಾಗ ನಮ್ಮ ಮಾವನ ಹಟ್ಟ್ಯಾಗ ಮೇವು ತಿಂದ್ಕೊಂತ ಅರಾಮ ಐತಿ. ಜೀವ ಇದ್ದ ಎತ್ತು ದೆವ್ವ ಹೆಂಗ ಆಗ್ತದ?"

ಹೋಟೆಲ್ಲು ನಕ್ಕಿತು. ಕಾಕಾ ಮಿರ್ಚಿ ಕಚ್ಚಿಕೊಂಡ. ಅವನ ಮಾತಿನಲ್ಲಿ ದೆವ್ವ ಇತ್ತು, ಗಂಟೆ ಇತ್ತು. ನಾನು ಎರಡನ್ನೂ ಒಂದೇ ಬುಟ್ಟಿಯಲ್ಲಿ ಎತ್ತಿ ಹೊರಗೆ ಚೆಲ್ಲಿದೆ. ಗಂಟೆಯದು ನಾನು ಹುಟ್ಟಿದಾಗಿನಿಂದ ಕೇಳಿದ್ದ ದನಿ. ತೊಟ್ಟಿಲಲ್ಲಿದ್ದಾಗಲೂ ಅದನ್ನು ಕೇಳಿಯೇ ಸುಮ್ಮನಾಗುತ್ತಿದ್ದೆನಂತೆ. ಆದರೆ ಕಾಲೇಜಿಗೆ ಹೋಗಿಬಂದ ಕಿವಿಗೆ ಅದು ಬೇರಿಂಗಿನ ಸದ್ದಾಗಿ ಕೇಳುತ್ತಿತ್ತು.

ಟ್ರಾಕ್ಟರನ್ನು ಬಳ್ಳಾರಿಗೆ ಹೊಡೆದುಕೊಂಡು ಹೋದೆ. ಬೇಸಿಗೆ ಮುಗಿದಿದೆ ಎಂಬ ಸುದ್ದಿ ಬಳ್ಳಾರಿಗೆ ಯಾವಾಗಲೂ ತಡವಾಗಿ ಮುಟ್ಟುತ್ತದೆ. ಕೋಟೆಗುಡ್ಡದ ಬಂಡೆಗಳು ಹಂಚಿನ ಹಾಗೆ ಕಾದಿದ್ದವು. ಶೋರೂಮಿನ ಮ್ಯಾನೇಜರು ಆಂಧ್ರದ ಕಡೆಯವರು, ಫ್ಯಾನಿನ ಕೆಳಗಿಂದ ಏಳದೆಯೇ, "ಏಮಂಡಿ, ಕೂರ್ಚೋಂಡಿ" ಎಂದು ಕುರ್ಚಿ ತೋರಿಸಿ, ಒಳಗೆ ತಿರುಗಿ "ಖಾದರ್, ಇಟು ರಾ!" ಎಂದು ಕೂಗಿದರು. ಬಂದವನು ನನ್ನ ವಯಸ್ಸಿನವನೇ, ಮೆಕ್ಯಾನಿಕ್. ಕಿವಿಯ ಮೇಲೆ ಪೆನ್ಸಿಲು, ಮುಖದ ಮೇಲೆ ಅದಕ್ಕಿಂತ ಚೂಪಾದ ಆತ್ಮವಿಶ್ವಾಸ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯರ ಹಾಗೆ ನಿಂತ. ಸಿಮೆಂಟಿನ ಸಪಾಟು ನೆಲದ ಮೇಲೆ ನಮ್ಮ ಟ್ರಾಕ್ಟರು ಒಳ್ಳೆಯ ಮನೆತನದ ಸೊಸೆಯ ಹಾಗೆ ತುಟಿಪಿಟಕ್ಕೆನ್ನದೆ ನಿಂತಿತ್ತು.

"ಗಾಡಿ ಪಾರಿವಾಳದಂಗ ಐತ್ರಿ ಅಣ್ಣಾರ," ಎಂದ ಖಾದರ್. "ನನ್ನ ಕಿವಿ ಸುಳ್ಳು ಹೇಳಂಗಿಲ್ಲ. ಮೂತಿ ಒಂದು ಕಡೆ, ಗಾಲಿ ಒಂದು ಕಡೆ ರೈಲಿನ್ಯಾಗ ಬಂದಿತ್ತು. ಅಷ್ಟೂ ನಾನ ಕೈಯಾರೆ ಜೋಡಿಸೀನಿ. ಬೇಕಾರ ಸಪ್ಪಳ ನಿಮ್ಮ ಕಿವ್ಯಾಗ ಇರಬೇಕು."

ಹೀಗೆ ಯಾರಾದರೂ ಬಾಗಿಲು ತೆರೆದು ಕೊಟ್ಟರೆ ನಾನು ಹೊರಗೆ ನಿಲ್ಲುವವನಲ್ಲ. ಕೇಳಿಸಲಿಲ್ಲ ಎಂಬುದರಿಂದ ಇಲ್ಲ ಎಂದು ಸಾಧಿಸಿದಂತಾಗುವುದಿಲ್ಲ. ಹಗಲು ಕಾಣದಿದ್ದ ಮಾತ್ರಕ್ಕೆ ನಕ್ಷತ್ರಗಳು ಸತ್ತುಹೋಗಿವೆಯೇ ಎಂದು ಶುರುಮಾಡಿದೆ. ಗುಮಾಸ್ತರು ಲೇಖನಿ ಕೆಳಗಿಟ್ಟರು, ಚಹಾ ತಂದವನು ನಿಂತುಕೊಂಡ. ಖಾದರನೂ ಬಿಡಲಿಲ್ಲ: "ನಕ್ಷತ್ರಕ್ಕ ಗ್ಯಾರಂಟಿ ಯಾರು ಕೊಟ್ಟಾರ್ರೀ?" ಎಂದ. ಒಳ್ಳೆಯ ಏಟು, ನನಗೂ ಮೆಚ್ಚುಗೆಯಾಯಿತು. ಕೊನೆಗೆ ಮ್ಯಾನೇಜರಿಗೆ ತಲೆನೋವು ಬಂದು, ಖಾದರನನ್ನು ಊರಿಗೇ ಕಳಿಸಿಕೊಡುತ್ತೇನೆ ಎಂದರು. ನಾನು ಗೆದ್ದೆ. ವಾಪಸು ಬರುವಾಗ ಕಾಲುವೆಯ ಏರಿಯ ಮೇಲೆ ಟೊಣಕ್ ಎಂದಿತು. ಹೊಸ ಟ್ರಾಕ್ಟರಿನ ಒಡೆಯನೊಬ್ಬ ಅದರೊಳಗಿನ ಕೆಟ್ಟ ಸದ್ದು ಕೇಳಿ ಹಿಗ್ಗಿದ್ದು ಅದೇ ಮೊದಲಿರಬೇಕು. ನನ್ನ ಪಕ್ಷದ ಸಾಕ್ಷಿ ಹಾಜರಿದ್ದಾನಲ್ಲ!

ಖಾದರ್ ಸಲಕರಣೆಯ ಚೀಲ ಹೊತ್ತು ಬಸ್ಸಿನಲ್ಲಿ ಬಂದ. ಏರಿಯ ಮೇಲೆ ಸದ್ದು ಕೇಳಿ ಅವನ ಮುಖ ಸಣ್ಣದಾಯಿತು. ಮರುಕ್ಷಣವೇ, "ಗೊತ್ತಾತು ಬಿಡ್ರಿ, ವಾಲ್ವು" ಎಂದು ಮತ್ತೆ ದೊಡ್ಡದಾಯಿತು. ವಾಲ್ವು ಬಿಗಿದ. ಟೊಣಕ್. "ಫ್ಯಾನಿನ ಪಟ್ಟಿ." ಪಟ್ಟಿ ಬದಲಾಯಿಸಿದ. ಟೊಣಕ್. ಮುಂದಿನ ಸಲ ಬಂದು, ಕ್ಲಚ್ಚು ಎಂದ. ಪ್ರತಿ ಸಲವೂ ಅವನಿಗೆ ಹಿಂದಿನಷ್ಟೇ ಖಚಿತವಾಗಿರುತ್ತಿತ್ತು, ಪ್ರತಿ ಸಲವೂ ಅವನ ಖಚಿತವನ್ನು ನಾನು ಮುರಿಯುತ್ತಿದ್ದೆ. ಹತ್ತುವಾಗ ಇಳಿಯುವಾಗ ಮಾತ್ರ ಸದ್ದು ಬರುವುದರಿಂದ, ಒಳಗೆ ಯಾವುದೋ ವಸ್ತು ಹಿಂದೆ ಮುಂದೆ ಸರಿಯುತ್ತಿದೆ ಎಂಬುದು ನನ್ನ ಸಿದ್ಧಾಂತ. ಈಗ ನೋಡಿದರೆ ಆ ಸಿದ್ಧಾಂತ ಅಕ್ಷರಶಃ ಸರಿ. ಸರಿಯಾದ ಸಿದ್ಧಾಂತ ಹಿಡಿದುಕೊಂಡು ಇಷ್ಟು ತಪ್ಪು ಕಡೆ ನಡೆಯಲು ಬಹಳ ಓದಿರಬೇಕಾಗುತ್ತದೆ.

ಖಾದರ್ ಬಂದಾಗಲೆಲ್ಲ ಅವ್ವ ಅವನನ್ನು ಕೂರಿಸಿ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದಳು. ಊಟ ಹಾಕುತ್ತ ಮನುಷ್ಯನ ಪೂರ್ತಿ ಚರಿತ್ರೆ ತೆಗೆಯುವುದು ಅವಳ ವಿದ್ಯೆ. ಹಾಗೆ ಗೊತ್ತಾಯಿತು: ಖಾದರನಿಗೆ ಬಳ್ಳಾರಿಯಲ್ಲೇ ಹೆಣ್ಣು ಗೊತ್ತಾಗಿದೆ, ಹುಡುಗ ರಸ್ತೆಬದಿಯ ಗ್ಯಾರೇಜಿನವನಲ್ಲ, ಶೋರೂಮಿನ ನೌಕರ ಎಂಬುದಕ್ಕಾಗಿಯೇ ಅವರು ಒಪ್ಪಿದ್ದಾರೆ. "ಛಲೋ ಆತು ತಮ್ಮಾ" ಎಂದಳು ಅವ್ವ. ಇನ್ನೊಂದು ರೊಟ್ಟಿ ಹಾಕಿದಳು. ಆದರೆ ಆ ಸಲ ಅವನು ಎಂಜಿನ್ನಿನ ತಲೆ ಬಿಚ್ಚಿ ಅಂಗಳದ ತುಂಬ ಹರವಿದಾಗ ಅವಳ ಮುಖ ಕಪ್ಪಿಟ್ಟಿದ್ದನ್ನು ನಾನು ಕಂಡೆ. ಯಂತ್ರದ ಒಳಗು ಕಂಡು ಹೆದರಿದ್ದಾಳೆ, ಹಳ್ಳಿಯ ಹೆಂಗಸು ಎಂದುಕೊಂಡೆ.

ಸದ್ದು ನಿಲ್ಲದಿದ್ದಾಗ ನಾನು ಕಂಪನಿಗೇ ದೂರು ಬರೆದೆ. ಕಾಲುವೆಗೆ ನೀರು ಬಿಡುವ ದಿನ ಹತ್ತಿರ ಬಂದಿತ್ತು, ಕೋಪವೂ ಹತ್ತಿರ ಬಂದಿತ್ತು. ನನ್ನ ಜೀವಮಾನದ ಉತ್ತಮ ವಾದಗಳಲ್ಲಿ ಅದೊಂದು ಎಂದು ಹೇಳಲು ಈಗ ಸಂಕೋಚವಾಗುತ್ತದೆ. ಎಂಜಿನ್ನಿನಲ್ಲಿ ದೋಷವಿಲ್ಲವೆಂದು ನಿಮ್ಮ ಮೆಕ್ಯಾನಿಕನೇ ಬಿಚ್ಚಿ ನೋಡಿ ಹೇಳಿದ್ದಾನೆ. ಆದ್ದರಿಂದ ದೋಷ ಜೋಡಣೆಯಲ್ಲಿದೆ. ಜೋಡಿಸಿದವನು ತಾನೇ ಎಂದು ಅವನೇ ಸಾಕ್ಷಿಗಳ ಎದುರಿಗೆ ಒಪ್ಪಿದ್ದಾನೆ. ಆದ್ದರಿಂದ ತಪ್ಪು ಖಾದರನದು. ಅವನ ಜಂಬದ ಮಾತನ್ನೇ ಎತ್ತಿ ಅವನ ಕಾಲಿಗೆ ಹಗ್ಗ ಮಾಡಿದ್ದೆ. ಮುಂದಿನ ವಾರ ಖಾದರ್ ಸಲಕರಣೆಯ ಚೀಲವಿಲ್ಲದೆ ಬಂದ. ಅಂಗಳದಲ್ಲಿ ನಿಂತೇ ಕೇಳಿದ:

"ಸಪ್ಪಳ ಐತಿ ಅಂತ ಬರೀರಿ ಅಣ್ಣಾರ, ಖರೆ ಐತಿ. ನನ್ನ ಕೈಯಿಂದಾನ ಆತು ಅಂತ ಯಾಕ ಬರದ್ರಿ? ಕಂಪನಿ ಎಂಜಿನಿಯರ್ ಬರ್ತಾರಂತ. ಜೋಡಣಿ ತಪ್ಪು ಅಂದ್ರ ನನ್ನ ಕೆಲಸ ಹೋತು. ಕೆಲಸ ಹೋದ್ರ..." ಉಳಿದದ್ದನ್ನು ಹೇಳದೆ ಅಡುಗೆಮನೆಯ ಕಡೆ ನೋಡಿದ, ಉಳಿದದ್ದು ಅಲ್ಲಿದ್ದವಳಿಗೆ ಗೊತ್ತಿತ್ತು.

ನಾನು ಏನು ಹೇಳಿದೆ ಗೊತ್ತೇ? "ವೈಯಕ್ತಿಕವಾಗಿ ತಗೋಬ್ಯಾಡ. ಇದು ಕಾರ್ಯಕಾರಣದ ಪ್ರಶ್ನೆ" ಎಂದೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಅವನು ಹೋದಮೇಲೆ ಅವ್ವ ಬಂದು, "ಆ ಹುಡುಗನ ಹೆಸರು ತಗಿ. ಬ್ಯಾರೆ ಕಾಗದ ಬರಿ" ಎಂದಳು. ಯಾಕೆ ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಮೊದಲೇ, "ಅವ್ವಾ, ನೀನು ಕರುಳಿನಿಂದ ಮಾತಾಡ್ತಿ, ನಾನು ತಲಿಯಿಂದ" ಎಂದು ಭಾಷಣ ಹಿಡಿದೆ. ಮುಗಿಯುವ ಹೊತ್ತಿಗೆ ಅವಳ ಬಾಯಿ ಮುಚ್ಚಿತ್ತು. ಮರುದಿನ ಅವಳು ಟ್ರಾಕ್ಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಮೂತಿಯೊಳಗೆ ಸೌಟು ತೂರಿಸಿ ಏನನ್ನೋ ಕೆದಕುತ್ತಿದ್ದುದನ್ನು ಕಂಡೆ. ಕೇಳಿದರೆ, "ಕಸ ಸಿಕ್ಕೊಂಡಿತ್ತು" ಎಂದಳು. ಮಾಲೀಕರು ಕೈಹಾಕಿದರೆ ಗ್ಯಾರಂಟಿ ಹೋಗುತ್ತದೆ ಎಂದು ಅವಳಿಗೆ ಆ ವಿಷಯದ ಮೇಲೂ ತಿಳಿವಳಿಕೆ ಕೊಟ್ಟೆ.

ಎಂಜಿನಿಯರು ಬಂದರು. ಬೆಂಗಳೂರಿನವರು, ಬಿಳಿ ಅಂಗಿ, ಕಡಿಮೆ ಮಾತು. ಜೊತೆಗೆ ಮ್ಯಾನೇಜರು, ಹಿಂದೆ ಖಾದರ್. ಕಾಲುವೆಯ ಏರಿಯ ಮೇಲೆ ಊರು ಕೂಡಿತು. ವಿರುಪಣ್ಣ ಕಾಕಾ ಕೊಡೆ ಹಿಡಿದು ಮುಂದಿನ ಸಾಲಿನಲ್ಲಿದ್ದ. ಬಂದವರಿಗೆಂದು ಅವ್ವ ಮಜ್ಜಿಗೆಯ ಗಡಿಗೆ ಹೊತ್ತು ತಂದಿದ್ದಳು. ನಾನು ಏರಿ ಹತ್ತಿಸಿದೆ, ಇಳಿಸಿದೆ. ನನ್ನ ಸಾಕ್ಷಿ ಎಂದಿಗಿಂತ ಗಟ್ಟಿಯಾಗಿ ನುಡಿದ. ಎಂಜಿನಿಯರು ಮುಂದಿನಿಂದ ಬಗ್ಗಿ ನೋಡಿ, ಎದ್ದು, ಕೈ ಒರೆಸಿಕೊಂಡು ಹೇಳಿದರು: "ಎಂಜಿನ್ ಅಲ್ಲ. ಮುಂಭಾಗದಲ್ಲಿ ಏನೋ ಸಡಿಲ ಇದೆ. ಜೋಡಿಸುವಾಗ ಆಗಿರೋ ತಪ್ಪು."

ಒಂದು ಕ್ಷಣ ನನ್ನ ಕಿವಿಯಲ್ಲಿ ಚಪ್ಪಾಳೆ ಕೇಳಿತು. ಮ್ಯಾನೇಜರು ಖಾದರನ ಕಡೆ ತಿರುಗಿ, "ರೇಪು ನುಂಚಿ ನುವ್ವು ರಾವದ್ದು" ಎಂದರು. ನಾಳೆಯಿಂದ ಬರಬೇಡ ಎಂದು ತಿಳಿಯಲು ನಮ್ಮ ಕಡೆ ಯಾರಿಗೂ ತೆಲುಗು ಕಲಿಸಬೇಕಾಗಿಲ್ಲ. ಖಾದರ್ ವಾದಿಸಲಿಲ್ಲ. ನಕ್ಷತ್ರಕ್ಕೆ ಗ್ಯಾರಂಟಿ ಕೇಳಿದ್ದ ಹುಡುಗ, ಕಿವಿಯ ಮೇಲಿನ ಪೆನ್ಸಿಲು ತೆಗೆದು ಜೇಬಿನಲ್ಲಿ ಇಟ್ಟುಕೊಂಡ.

ಆಗ ಅವ್ವ ಗಡಿಗೆ ಕೆಳಗಿಟ್ಟಳು.

"ಆ ಹುಡುಗಂದು ತಪ್ಪಿಲ್ರೀ ಸಾಹೇಬ್ರ. ನಾ ಇಟ್ಟೀನಿ."

"ಏನಿಟ್ಟಿದ್ದೀರಮ್ಮ?"

"ಗಂಟಿ." ಅವಳು ಟ್ರಾಕ್ಟರಿನ ಮುಂದೆ ಬಂದು, ರೇಡಿಯೇಟರಿನ ಕೆಳಗೆ ಇಡೀ ಮೂತಿಯನ್ನು ಹೊತ್ತಿರುವ ಎರಕದ ಕಬ್ಬಿಣವನ್ನು ಮುಟ್ಟಿದಳು. ಅದರಲ್ಲಿ ಕೈ ತೂರುವಷ್ಟು ಒಂದು ಕಿಂಡಿ, ಒಳಗೆ ಟೊಳ್ಳು. "ಇದರ ಕೊರಳು ಎಲ್ಲಿ ಅಂತ ಹುಡುಕಿದ್ನಿ. ಮಾರಿ ಮ್ಯಾಲೈತಿ, ಕಾಲು ಕೆಳಗದಾವ. ನಡುವ ಇದ ಅಲ್ಲೇನ್ರಿ ಕೊರಳು? ಒಳಗಿಟ್ಟು, ಉಳ್ಳಾಡಿ ಬಿದ್ದುಹೋದೀತಂತ ಹಿಂದಿಂದ ಅರಬಿ ತುರುಕಿದ್ನಿ. ಮುಂದ ತಗೀಬೇಕಂದ್ರ ಒಳಗ ಸರಿದುಹೋತು. ಸೌಟಿಗೂ ಸಿಗಲಿಲ್ಲ."

ಖಾದರ್ ಮಣ್ಣಿನಲ್ಲಿ ಮಲಗಿ, ತಂತಿಯ ಕೊಕ್ಕೆ ಮಾಡಿ, ಕಿಂಡಿಗೆ ತೂರಿಸಿ ಎಳೆದ. ಮೊದಲು ಅರಿವೆ ಬಂತು. ಅದು ನನ್ನ ಹಳೆಯ ಬನಿಯನ್ನು. ತೂತುಗಳ ಸಮೇತ ಊರಿನ ಮುಂದೆ ಬಿಚ್ಚಿಕೊಂಡಿತು. ಅದರ ಹಿಂದೆ ಗಂಟೆ, ಗ್ರೀಸು ಮೆತ್ತಿ ಕರ್ರಗಾಗಿ, ಹೊರಬರುತ್ತಲೇ ತನ್ನ ಒಡಕು ದನಿಯಲ್ಲಿ ಒಮ್ಮೆ ನುಡಿಯಿತು. "ನಾ ಹೇಳಿದ್ದಿಲ್ಲೇನಲೇ!" ಎಂದು ವಿರುಪಣ್ಣ ಕಾಕಾ ಕೊಡೆಯನ್ನು ಎತ್ತಿ ಕುಣಿಸಿದ. ಅವನ ದೆವ್ವ ಸುಳ್ಳಾಗಿತ್ತು, ಅವನ ಕಿವಿ ನಿಜವಾಗಿತ್ತು. ನನಗೆ ದೆವ್ವವೂ ಇರಲಿಲ್ಲ, ಕಿವಿಯೂ ಇರಲಿಲ್ಲ.

ಎಂಜಿನಿಯರು ನಗು ತಡೆದುಕೊಂಡು ಕೇಳಿದರು: "ದೇವರ ಹರಕೆ ಏನಾದರೂ ಇತ್ತಾಮ್ಮ?"

"ದೇವ್ರಿಗೇನ್ರಿ ಗಂಟಿ, ಗುಡ್ಯಾಗ ಬೇಕಾದಷ್ಟದಾವ. ಇದು ನನಗ. ಏರಿ ಮ್ಯಾಲ ಈ ಗಂಟಿ ಕೇಳಿತಂದ್ರ ನಮ್ಮ ಎತ್ತು ಬಂದ್ವು ಅಂತ ಹಂಚಿಗೆ ರೊಟ್ಟಿ ಹಾಕ್ತಿದ್ನಿ. ಕಾಲು ತೊಳಕೊಂಡು ಕೂಡೂದ್ರಾಗ ಬಿಸಿ ರೊಟ್ಟಿ ತಾಟಿನ್ಯಾಗ. ನಮ್ಮತ್ತಿನೂ ಹಂಗ ಮಾಡ್ತಿದ್ಲು. ಈಗ ಊರಾಗ ಟ್ರಾಕ್ಟರ್ ಬಂದಾವ, ಎಲ್ಲಾವೂ ಡುಬುಡುಬು ಅಂತಾವ. ನಮ್ದು ಯಾವ್ದು ಅಂತ ಹೆಂಗ ತಿಳೀಬೇಕ್ರಿ?"

ನಾನು ಆ ವಾದದಲ್ಲಿ ಬಿರುಕು ಹುಡುಕಿದೆ, ಅಭ್ಯಾಸ. ಸಿಗಲಿಲ್ಲ. ಕುಂಕುಮ, ನಿಂಬೆಹಣ್ಣಿನ ಜೊತೆಗೆ ಬಂದದ್ದರಿಂದ ಗಂಟೆಯೂ ಮೂಢನಂಬಿಕೆಯೇ ಎಂದು ನಾನು ತೀರ್ಮಾನಿಸಿದ್ದೆ, ಒಂದು ಚೂರು ಪುರಾವೆಯಿಲ್ಲದೆ. ಯಾಕೆ ಕಟ್ಟಬೇಕು ಎಂದು ಅವಳನ್ನು ಕೇಳಿರಲಿಲ್ಲ. ಎಲ್ಲಿ ಕಟ್ಟಬೇಕು ಎಂದು ಕೇಳಿದ್ದೆ, ಅದೂ ನಗಿಸುವುದಕ್ಕೆ. ಇಷ್ಟು ದಿನ ಹಬೆಯಾಡುವ ರೊಟ್ಟಿ ತಿಂದವನು ನಾನೇ.

"ಮೊದಲೇ ಹೇಳಬಹುದಿತ್ತಲ್ಲಮ್ಮ," ಎಂದರು ಎಂಜಿನಿಯರು, "ಇಷ್ಟೆಲ್ಲ ಬಿಚ್ಚಿಹಾಕೋ ಮೊದಲು."

ಅವ್ವ ನನ್ನ ಕಡೆ ನೋಡದೆ, ಮಜ್ಜಿಗೆಯ ಲೋಟ ತುಂಬುತ್ತ ಹೇಳಿದಳು. "ನನ್ನ ಮಗ ಓದ್ಯಾನ್ರಿ. ನಾ ಒಂದು ಹೇಳಿದ್ರ ಅವ ಹತ್ತು ಹೇಳ್ತಾನ. ನನಗ ಅಷ್ಟು ಬರಂಗಿಲ್ಲ. ಅದಕ್ಕ ನಾವು ಮನ್ಯಾಗ ಅವನಿಗೆ ಏನೂ ಹೇಳಂಗಿಲ್ರಿ."

ನಾವು ಎಂದಳು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಕಾಲುವೆಯ ಕಡೆ ನೋಡುತ್ತಿದ್ದ. ಇನ್ನೂ ಏನೇನು ಹೇಳದೆ ಬಿಟ್ಟಿದ್ದಾರೋ ಎಂದು ಆ ದಿನದಿಂದ ಯೋಚಿಸುತ್ತಿದ್ದೇನೆ, ಕೇಳಲು ಧೈರ್ಯವಿಲ್ಲ.

ಮ್ಯಾನೇಜರು ತಮ್ಮ ತೆಲುಗು ಮಾತನ್ನು ಕನ್ನಡದಲ್ಲಿ ವಾಪಸು ತೆಗೆದುಕೊಂಡರು. ಎಂಜಿನಿಯರು ಮಜ್ಜಿಗೆ ಕುಡಿದು, ಗಂಟೆಗೆ ಕಂಪನಿಯ ಗ್ಯಾರಂಟಿ ಇಲ್ಲ ಎಂದು ನಗಿಸಿದರು. ಅವ್ವ ಖಾದರನ ಮುಂದೆ ನಿಂತು, "ತಪ್ಪಾತು ತಮ್ಮಾ, ನನ್ನಿಂದ ನಿನಗ ತ್ರಾಸಾತು" ಎಂದಳು. "ಇರ್ಲಿ ಬಿಡ್ರಿ ಅವ್ವಾರ" ಎಂದ ಅವನು. ಈಗ ನನ್ನ ಸರದಿ ಎಂದು ಊರೆಲ್ಲ ನನ್ನ ಕಡೆ ತಿರುಗಿತು. ನಾನು ಬಾಯಿ ತೆರೆದೆ. ಬಂದದ್ದು ಇದು: "ಹಂಗ ನೋಡಿದ್ರ, ಒಳಗ ಏನೋ ಸರಿದಾಡ್ತದ ಅಂತ ನಾ ಮೊದಲ ಹೇಳಿದ್ದು ಖರೆ ಆತು."

ಖಾದರ್ ಗಂಟೆಯನ್ನು ನನ್ನ ಬನಿಯನ್ನಿನಿಂದ ತಿಕ್ಕಿ ಒರೆಸಿ, ಅವ್ವನನ್ನು ಕೇಳಿದ, "ಎಲ್ಲಿ ಕಟ್ಟಲ್ರಿ?" "ಕೊರಳಿಗಪ" ಎಂದಳು. ಕೊರಳೆಲ್ಲಿ ಎಂದು ಅವನು ಕೇಳಲಿಲ್ಲ. ಮೂತಿಯ ಕೆಳಗೆ ಖಾಲಿಯಿದ್ದ ಒಂದು ಬೋಲ್ಟಿನ ತೂತಿಗೆ ಸರಪಳಿ ಹಾಕಿ ತೂಗಬಿಟ್ಟ.

ಹತ್ತು ದಿನ ಕಾದು ನಾನು ಬಳ್ಳಾರಿಗೆ ಹೋದೆ. ಅವ್ವ ಖಾದರನಿಗೆಂದು ರೊಟ್ಟಿ, ಶೇಂಗಾಚಟ್ನಿಯ ಬುತ್ತಿ ಕಟ್ಟಿದ್ದಳು. "ಏನೂ ಮಾತಾಡಬ್ಯಾಡ. ಬುತ್ತಿ ಕೊಟ್ಟು ಬಾ" ಎಂದು ಬಾಗಿಲಲ್ಲಿ ಎರಡು ಸಲ ಹೇಳಿದಳು. ಶೋರೂಮಿನ ಹಿಂದೆ ಖಾದರ್ ಒಂದು ಟ್ರಾಕ್ಟರಿನ ಕೆಳಗೆ ಮಲಗಿದ್ದ. ಹೊರಗೆ ಕಾಣುತ್ತಿದ್ದುದು ಪಾದಗಳು ಮಾತ್ರ. ನಾನು ಬುತ್ತಿ ಹಿಡಿದು ಆ ಪಾದಗಳ ಮುಂದೆ ನಿಂತು ಕ್ಷಮೆ ಕೇಳಲು ಶುರುಮಾಡಿದೆ. ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದೆ: ಮೊದಲು ನನ್ನ ತಪ್ಪಿನ ಸ್ವರೂಪ, ಆಮೇಲೆ ಅದರ ಕಾರಣಗಳು, ಕೊನೆಗೆ ಅದರಿಂದ ನಾನು ಕಲಿತದ್ದು. ಪಾದಗಳು ಅಲುಗಾಡದೆ ಎಲ್ಲವನ್ನೂ ಕೇಳಿದವು. ನಾನು ಎಂದೂ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ.

"ಮುಗೀತೇನ್ರಿ ಅಣ್ಣಾರ?" ಎಂದು ಕೆಳಗಿನಿಂದ ಕೇಳಿತು. "ಹಂಗಾರ ಅಲ್ಲಿರೋ ಸಣ್ಣ ಪಾನಾ ಕೊಡ್ರಿ."

ನೆಲದ ಮೇಲೆ ಬಿದ್ದಿದ್ದ, ಬೋಲ್ಟು ತಿರುಗಿಸುವ ಪಾನಾಗಳಲ್ಲಿ ಒಂದನ್ನು ಆರಿಸಿ, ಚಾಚಿದ ಕೈಗೆ ಕೊಟ್ಟೆ.

"ಇದಲ್ರಿ. ಇದಕ್ಕಿಂತ ಸಣ್ಣದು."

"ಇದ ಕೂಡ್ತದ ನೋಡು," ಎಂದೆ ನಾನು ಬಗ್ಗಿ. "ಹೆಂಗಂದ್ರ..."

ಟ್ರಾಕ್ಟರಿನ ಕೆಳಗೆ ಖಾದರ್ ನಗತೊಡಗಿದ. ಅವನು ನಕ್ಕು ಮುಗಿಸುವವರೆಗೆ, ಮಾತು ನುಂಗಿಕೊಂಡು, ಬುತ್ತಿ ಹಿಡಿದುಕೊಂಡು, ಅವನ ಪಾದಗಳ ಹತ್ತಿರ ಕೂತಿದ್ದೆ.